ವಾಲ್ವಿನ ಮೇಲೆ ಕೂತ ತಾತ

ಅಕ್ಕನ ಮಗಳು ಗುಬ್ಬಿಯಿಂದ ಫೋನ್ ಮಾಡಿದವಳೇ, "ಮಾಮ, ತಾತ ಎಲ್ಲಿ?" ಎಂದಳು.

ನಮ್ಮ ಕಡೆ ತಾತ ಅನ್ನಿಸಿಕೊಂಡವರು ಯಾರೂ ಈಗ ಉಳಿದಿಲ್ಲ. ಒಂದು ಗಳಿಗೆ ನನಗೆ ಏನೂ ಹೊಳೆಯಲಿಲ್ಲ. ಆಮೇಲೆ ಅರ್ಥವಾಯಿತು. ಅವಳು ಕೇಳುತ್ತಿದ್ದದ್ದು ನಾನು ಓದಲು ಕೊಟ್ಟಿದ್ದ ಕಾದಂಬರಿಯೊಳಗಿನ ತಾತನನ್ನು.

"ಎಲ್ಲೀವರೆಗೂ ಓದಿದೀಯ?"

"ಮುಗೀತು."

"ಮುಗೀತು ಅಂದ್ರೆ? ಪೂರ್ತಿ?"

"ಹಿಂದ್ಗಡೆ ರಟ್ಟಿನ ಮೇಲೆ ಬರ್ದಿರೋದನ್ನೂ ಓದ್ದೆ. ತಾತ ಇಲ್ಲ."

"ಎಲ್ಲೋ ಹಾರ್ಸಿದೀಯ ಕಣೇ. ಒಂದು ಕಣ್ಣು ಫೋನ್ ಮೇಲಿಟ್ಕೊಂಡು ಓದಿದ್ರೆ ಹಿಂಗೇ ಆಗೋದು."

"ಮಾಮ, ಈಗ ಬರ್ತಾನೆ, ಆಗ ಬರ್ತಾನೆ ಅಂತಾನೇ ನಾನು ಆ ದರಿದ್ರ ಬುಕ್ಕನ್ನ ಕೊನೇವರೆಗೂ ಓದಿದ್ದು. ಕರಾರು ನೆನಪಿದೆ ತಾನೇ?" ಎಂದು ಫೋನ್ ಇಟ್ಟಳು.

ನೆನಪಿತ್ತು. ಎರಡು ವಾರದ ಹಿಂದೆ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಾಗ ಆದ ಕರಾರು ಅದು. ಭಾವನಿಗೆ ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರ. ಆ ಮನೆಯಲ್ಲಿ ಪೂರ್ತಿಯಾಗಿ ಓದಿಸಿಕೊಳ್ಳುವ ಅಚ್ಚಿನ ಸರಕೆಂದರೆ ಗೋಡೆಯ ಕ್ಯಾಲೆಂಡರ್ ಒಂದೇ. ಹುಡುಗಿ ತುಮಕೂರಿನಲ್ಲಿ ಬಿ.ಕಾಂ. ಓದುತ್ತಾಳೆ, ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ, ಬುದ್ಧಿ ಬಲು ಚುರುಕು. ಆದರೆ ನಾನು ಕೊಟ್ಟ ಯಾವ ಪುಸ್ತಕವೂ ಹತ್ತನೆಯ ಪುಟ ದಾಟುತ್ತಿರಲಿಲ್ಲ.

"ನೀನು ಕೊಡೋ ಪುಸ್ತಕದಲ್ಲಿ ಒಂದೋ ಎಲ್ರೂ ಸಾಯ್ತಾರೆ, ಇಲ್ಲಾ ಕಿಟಕೀಲಿ ಆಚೆ ನೋಡ್ಕೊಂಡು ಕೂತಿರ್ತಾರೆ" ಎಂದಿದ್ದಳು ಅವತ್ತು, ಮುದ್ದೆ ಮುರಿಯುತ್ತ.

"ಇದ್ರಲ್ಲಿ ಹಂಗಿಲ್ಲ. ಚಂದ್ರನ ಮೇಲೆ ನಡೆಯೋ ಕತೆ. ನಿನ್ನ ವಯಸ್ಸಿನೋರಿಗೇ ಬರ್ದಿರೋದು. ಇದೊಂದು ನೋಡು. ಇದೂ ಹಿಡಿಸ್ಲಿಲ್ಲ ಅಂದ್ರೆ ಇನ್ಮೇಲೆ ನಿನ್ನ ಕೈಗೆ ಪುಸ್ತಕ ಕೊಡಲ್ಲ. ಓದು ಅಂತ ಬಾಯೂ ಬಿಡಲ್ಲ."

"ಯಾವತ್ತೂ?"

"ಯಾವತ್ತೂ."

"ಅಮ್ಮ, ಕೇಳಿಸ್ಕೊಂಡ್ಯಲ್ಲ? ನೀನೇ ಸಾಕ್ಷಿ."

"ಕೇಳಿಸ್ಕೊಂಡೆ, ಉಣ್ಣು" ಎಂದು ಅಕ್ಕ ಬಸ್ಸಾರು ಬಡಿಸಿದಳು. "ವ್ಯಾಪಾರ ಕುದುರ್ತು" ಎಂದರು ಭಾವ.

ನಾನು ಮಾತು ಕೊಟ್ಟದ್ದು ತಮಾಷೆಗಲ್ಲ. ನಮ್ಮ ನೆಂಟರಿಷ್ಟರಲ್ಲಿ ಓದಿದ್ದರ ಬಗ್ಗೆ ಕೂತು ಜಗಳವಾಡಲು ನನಗೆ ಒಬ್ಬರೂ ಇಲ್ಲ. ತುಮಕೂರಿನಲ್ಲೇ ಇದ್ದು ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಸಹೋದ್ಯೋಗಿಗಳು ಒಳ್ಳೆಯವರೇ, ಆದರೆ ಮಾತೆಲ್ಲ ವೇಳಾಪಟ್ಟಿಯದು. ಈ ಹುಡುಗಿ ಸಿನಿಮಾ ನೋಡಿ ಬಂದರೆ ನಾಯಕ, ಖಳನಾಯಕ, ಕ್ಯಾಮೆರಾ ಹಿಡಿದವನು ಎಲ್ಲರ ಚರ್ಮ ಸುಲಿಯುತ್ತಾಳೆ. ಅದೇ ಬಾಯಿ ಪುಸ್ತಕದ ಕಡೆ ತಿರುಗಿದರೆ ಎಷ್ಟು ಚೆನ್ನ ಎಂದು ಆಸೆಪಡುತ್ತ ವರ್ಷಗಳೇ ಕಳೆದಿದ್ದವು. ಈಗ ಆ ಆಸೆಯನ್ನೆಲ್ಲ ಒಂದೇ ಪುಸ್ತಕದ ಮೇಲೆ, ಅದರೊಳಗಿನ ಒಬ್ಬ ಮುದುಕನ ಮೇಲೆ ಹೂಡಿದ್ದೆ.

ಕತೆ ಹೀಗಿದೆ. ಚಂದ್ರನ ನೆಲದೊಳಗೆ ಕೊರೆದ ಒಂದು ಊರು. ಅಲ್ಲಿ ಉಸಿರಾಡುವ ಗಾಳಿ ಪೈಪಿನಲ್ಲಿ ಬರುತ್ತದೆ, ಬೀದಿಗೆ ಇಷ್ಟು ಹೊತ್ತೆಂದು. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದೇ ಇಲ್ಲ. ನಮಗೆ ನಲ್ಲಿಯಲ್ಲಿ ನೀರು ಬರುವ ಹಾಗೆ ಅವರಿಗೆ ಗಾಳಿ. ಕತೆಯ ನಾಯಕಿ ಹದಿನೇಳರ ಹುಡುಗಿ. ಅವಳ ತಾತ ಗಾಳಿಯ ವಾಲ್ವು ತಿರುಗಿಸುವ ಕೆಲಸದವನು. ದಂಗೆ ಎದ್ದವರ ಬೀದಿಗೆ ಗಾಳಿ ನಿಲ್ಲಿಸಬೇಕೆಂದು ಮೇಲಿನಿಂದ ಆಜ್ಞೆ ಬರುತ್ತದೆ. ತಾತ ಹೋಗುತ್ತಾನೆ, ವಾಲ್ವು ನೋಡುತ್ತಾನೆ, ಅದರ ಮೇಲೆ ಕೂತುಬಿಡುತ್ತಾನೆ. ಸಿಪಾಯಿಗಳು ಏಳು ಎಂದರೆ ಮಂಡಿನೋವು ಎನ್ನುತ್ತಾನೆ. ಎತ್ತಲು ಬಂದರೆ, ತಡೀರಪ್ಪ, ನಿಮ್ಮಲ್ಲಿ ಯಾರಿಗೆ ಇನ್ನೂ ಮದುವೆಯಾಗಿಲ್ಲ ಎಂದು ವಿಚಾರಿಸಲು ತೊಡಗುತ್ತಾನೆ. ಯಾರ ಮಗ, ಯಾವ ಊರು, ತಾಯಿಯ ಕಡೆಯವರು ಯಾರು. ಅಧಿಕಾರಿ ಬಂದು ಗದರಿಸುವ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ಹೊಟ್ಟೆತುಂಬ ಉಸಿರು ತೆಗೆದುಕೊಂಡು ಸುರಂಗದಲ್ಲಿ ಪಾರಾಗಿರುತ್ತಾರೆ.

ಈ ಸನ್ನಿವೇಶವನ್ನು ನಾನು ಅದೆಷ್ಟು ಜನಕ್ಕೆ ಹೇಳಿದ್ದೇನೋ. ಅಕ್ಕನ ಮಗಳು ಪುಸ್ತಕ ಕೈಗೆತ್ತಿಕೊಂಡದ್ದೂ ಇದನ್ನು ಕೇಳಿಯೇ.

ಮಾರನೆಯ ದಿನ ಪುಸ್ತಕ ಭಾವನ ಕಾಯಿ ಟೆಂಪೋದಲ್ಲಿ ನನ್ನ ಮನೆಗೆ ಹಿಂದಿರುಗಿತು. ನಾನು ಅವಳಿಗಾಗಿ ಕೊಂಡಿದ್ದ ಹೊಸ ಪ್ರತಿ ಅದು. ಸಿನಿಮಾ ಆಗಿದೆಯೆಂಬ ಗುಂಡನೆಯ ಸ್ಟಿಕರ್ ಬೇರೆ. ತೆಂಗಿನ ನಾರು ಕೊಡವಿ ಓದಲು ಕೂತೆ.

ಮೊದಲರ್ಧ ಹಳೆಯ ನೆಂಟನ ಮನೆಯಂತೆ ಇತ್ತು. ಗೋಡೆಗಳು ಗುರುತು ಸಿಕ್ಕವು, ಆದರೆ ಎಲ್ಲ ಚಿಕ್ಕದಾಗಿ ಕಂಡವು. ತಾತ ಇದ್ದ, ಇಲ್ಲವೆನ್ನುವಂತಿಲ್ಲ. ಒಂದು ಸಾಲಿನಲ್ಲಿ ಕೆಮ್ಮುತ್ತಾನೆ. ನಡು ದಾಟಿದ ಮೊದಲ ಪುಟದಲ್ಲೇ ಸತ್ತಿರುತ್ತಾನೆ.

ಅರ್ಧ ದಾಟಿದ ಮೇಲೆ ಒಂದು ಸಾಲೂ ನನಗೆ ಪರಿಚಯದ್ದಲ್ಲ. ಅಲ್ಲಿಂದಾಚೆ ಗಾಳಿಯ ವಿಷಯ ಎಲ್ಲರಿಗೂ ಮರೆತುಹೋಗಿ, ಇಬ್ಬರು ಹುಡುಗರು ಬಂದು ಸೇರಿಕೊಳ್ಳುತ್ತಾರೆ. ಒಬ್ಬನಿಗೆ ಬೂದುಗಣ್ಣು, ಇನ್ನೊಬ್ಬನಿಗೆ ಹಸಿರುಗಣ್ಣು. ನಾಯಕಿ ಯಾರನ್ನು ಕಂಡರೂ, ತನಗೇ ಅರಿವಿಲ್ಲದೆ ತಡೆಹಿಡಿದಿದ್ದ ಉಸಿರನ್ನು ಹೊರಬಿಡುತ್ತಾಳೆ. ಪುಟಕ್ಕೊಮ್ಮೆ ಬಿಡುತ್ತಾಳೆ. ಗಾಳಿಗೆ ಪಡಿತರವಿರುವ ಊರಿನಲ್ಲಿ! ಕೊನೆಗೆ ಗೊತ್ತಾಗುವುದೇನೆಂದರೆ, ಅವಳು ಪುರಾತನ ರಾಜವಂಶದ ಕುಡಿ. ಆ ವಂಶದವರಿಗೆ ಬದುಕಲು ಗಾಳಿಯೇ ಬೇಕಾಗಿಲ್ಲ. ಈ ಸಂಗತಿ ಹೊರಬಿದ್ದ ಪುಟದಲ್ಲಿ ನಾನು ಪುಸ್ತಕ ಕೆಳಗಿಟ್ಟು ಎರಡು ಸಲ ವರಾಂಡದ ಉದ್ದಕ್ಕೂ ತಿರುಗಾಡಿದೆ. ಗಾಳಿ ಬೇಡದವಳು ಅಷ್ಟೂ ಪುಟ ಉಸಿರು ಬಿಟ್ಟದ್ದೇಕೆ? ಅದಕ್ಕೆ ಉತ್ತರ ಎರಡನೆಯ ಭಾಗದಲ್ಲಂತೆ. ಒಂದು ಬಾಗಿಲು ಅರ್ಧ ತೆರೆದಿರುವಾಗಲೇ ಪುಸ್ತಕ ಮುಗಿದಿತ್ತು.

ಕೆಟ್ಟ ಪುಸ್ತಕ ಓದಿದ ಬೇಸರ ಒಂದು ತೂಕವಾದರೆ, ಅದನ್ನು ಇಷ್ಟು ವರ್ಷ ಒಳ್ಳೆಯದೆಂದು ಸಾರಿಕೊಂಡು ಬಂದ ಬೇಸರ ಇನ್ನೊಂದು ತೂಕ. ನಾನು ಸುಲಭಕ್ಕೆ ನಂಬುವವನಲ್ಲ. ದೇವಸ್ಥಾನದಲ್ಲಿ ಪವಾಡವಾಯಿತೆಂದರೆ ಬಾಗಿಲು ಯಾವ ದಿಕ್ಕಿಗಿದೆ, ಬಿಸಿಲು ಎಲ್ಲಿಂದ ಬೀಳುತ್ತದೆ ಎಂದು ಕೇಳಿ ಹಿರಿಯರಿಂದ ಬೈಸಿಕೊಂಡವನು. ಅಂಥವನು ನನ್ನ ನೆನಪನ್ನು ಮಾತ್ರ ಒಂದು ದಿನವೂ ನಿಲ್ಲಿಸಿ ವಿಚಾರಿಸಿರಲಿಲ್ಲ.

ಆದರೂ ಕೂಡಲೇ ಸೋಲೊಪ್ಪಲಿಲ್ಲ. ಹೊಸ ಮುದ್ರಣದಲ್ಲಿ ತಾತನನ್ನು ಕತ್ತರಿಸಿರಬೇಕು ಎಂದುಕೊಂಡೆ. ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಲೋಕದ ಮೂಲೆಮೂಲೆಯ ಓದುಗರು ಬೂದುಗಣ್ಣಿನವನಿಗಾಗಿ ಅತ್ತಿದ್ದರು. ಹಸಿರುಗಣ್ಣಿನವನಿಗಾಗಿ ಅತ್ತವರು ಅವರನ್ನು ಬೈದಿದ್ದರು. ವಾಲ್ವಿನ ಮೇಲೆ ಕೂತ ಮುದುಕನನ್ನು ಕಂಡವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

ಒಬ್ಬನ ಹೊರತು. ನನ್ನ ಜೊತೆ ಎಂ.ಎಸ್ಸಿ. ಓದಿದ ಕುಣಿಗಲ್ಲಿನ ಗೆಳೆಯ.

ಆ ಪುಸ್ತಕವನ್ನು ನಾವಿಬ್ಬರೂ ಸೇರಿ ಓದಿದ್ದೆವು. ಸೇರಿ ಅಂದರೆ, ನಮ್ಮ ವಿಭಾಗದ ಪದ್ಧತಿಯಂತೆ. ದುಬಾರಿ ಪಠ್ಯಪುಸ್ತಕ ಬಂದರೆ ಅದರ ಬೆನ್ನಿಗೆ ಬ್ಲೇಡು ಹಾಕಿ ಅಧ್ಯಾಯಗಳನ್ನು ಬಿಡಿಸಿ ಹಂಚಿಕೊಳ್ಳುತ್ತಿದ್ದೆವು. ಅವರವರ ಪಾಲನ್ನು ಅವರವರು ಓದಿಕೊಂಡು ಬಂದು, ಬೆಳಿಗ್ಗೆ ಕ್ಯಾಂಟೀನಿನಲ್ಲಿ ಉಳಿದವರಿಗೆ ಹೇಳುವುದು. ವಿದ್ಯುತ್ಕಾಂತೀಯ ಅಲೆಗಳ ಅಧ್ಯಾಯವನ್ನು ಕಣ್ಣಿನಿಂದ ನೋಡದೆ, ಬರೀ ಕೇಳಿಯೇ ಪಾಸಾದವರು ನಮ್ಮಲ್ಲಿದ್ದರು. ಈ ಕಾದಂಬರಿ ಸಿಕ್ಕಿದಾಗಲೂ ಹಾಗೇ ಆಯಿತು. ಸಂಜೆ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ಗುಬ್ಬಿ ಬಸ್ಸು ಹತ್ತುವವನು, ಅವನು ಹೆಬ್ಬೂರಿನ ಮೇಲೆ ಹೋಗುವ ಕುಣಿಗಲ್ ಬಸ್ಸು ಹತ್ತುವವನು. ಪುಸ್ತಕ ಯಾವ ಬಸ್ಸು ಹತ್ತಬೇಕೆಂಬ ಜಗಳ ಬಗೆಹರಿಯದೆ ಅದನ್ನು ನಡುವಿಗೆ ಸರಿಯಾಗಿ ಸೀಳಿದೆವು. ಮೇಲಿನರ್ಧ ನನಗೆ, ಕೆಳಗಿನರ್ಧ ಅವನಿಗೆ. ಬೆಳಿಗ್ಗೆ ಕ್ಯಾಂಟೀನಿನಲ್ಲಿ ನಾನು ಇವರೆಲ್ಲ ಯಾರೆಂದು ಹೇಳಬೇಕು, ಅವನು ಇವರೆಲ್ಲ ಏನಾದರೆಂದು ಹೇಳಬೇಕು. ಮುಗಿದ ಮೇಲೆ ಅದಲುಬದಲು.

ಅದಲುಬದಲಾಯಿತೇ? ಆಗಿತ್ತೆಂದೇ ನಾನು ತಿಳಿದಿದ್ದೆ. ಈಗ ಯೋಚಿಸಿದರೆ ಕೆಳಗಿನರ್ಧ ನನ್ನ ಕೈಯಲ್ಲಿದ್ದ ಚಿತ್ರವೇ ಮೂಡುತ್ತಿಲ್ಲ. ಮೂಡುವುದು ಕ್ಯಾಂಟೀನಿನ ಮೇಜು, ಟೀ, ಅವನ ಬಾಯಿ. ಹಾಗಾದರೆ ಅವನೇ ಓದಿ ಹೇಳಿದ್ದು. ಅಥವಾ ಓದದೇ ಹೇಳಿದ್ದು.

ಭಾನುವಾರ ಕುಣಿಗಲ್ಲಿಗೆ ಹೋದೆ. ಅವನೀಗ ಹುಲಿಯೂರುದುರ್ಗದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ಮನೆ ಕುಣಿಗಲ್ಲಿನಲ್ಲೇ. ಅವನ ತಾಯಿ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು.

"ಏನ್ಲಾ, ಇದ್ದಕ್ಕಿದ್ದಂಗೆ? ಮದ್ವೆಗಿದ್ವೆನಾ?" ಎಂದ ಗೆಳೆಯ.

"ಇಲ್ಲ ಕಣೋ, ಒಂದು ಪುಸ್ತಕದ ವಿಷ್ಯ."

"ಅಮ್ಮ, ಇವ್ನು ಪುಸ್ತಕದ ವಿಷ್ಯ ಕೇಳಕ್ಕೆ ತುಮಕೂರಿಂದ ಬಂದವ್ನೆ."

"ಬಂದ್ರೆ ಬರ್ಲಿ ಬುಡು. ಕೂತ್ಕಳಪ್ಪ" ಎಂದು ತಾಯಿ ಮೊರವನ್ನು ಪಕ್ಕಕ್ಕೆ ಸರಿಸಿದರು.

ನಾನು ಸಾಕ್ಷಿಯ ಬಾಯಿಗೆ ಮಾತು ತುಂಬಬಾರದೆಂದು ಎಚ್ಚರದಿಂದ ಕೇಳಿದೆ. "ಆ ಚಂದ್ರನ ಮೇಲಿನ ಊರಿನ ಕತೇಲಿ ನಿಂಗೆ ಏನು ನೆನಪಿದೆ?"

"ಏನೂ ಇಲ್ಲ. ಹಾಂ, ಒಬ್ಬ ತಾತ ವಾಲ್ವ್ ಮೇಲೆ ಕೂತ್ಬಿಡ್ತಾನಲ್ಲ, ಮಂಡಿನೋವು ಅಂತ. ಅದೊಂದು ಸಕ್ಕತ್ತಾಗಿತ್ತು."

ನನಗೆ ಹೋದ ಜೀವ ಬಂದಂತಾಯಿತು. "ನೋಡು! ಅದು ಪುಸ್ತಕದಲ್ಲಿ ಇಲ್ಲ ಕಣೋ."

"ಇಲ್ಲ ಅಂದ್ರೆ? ನೀನೇ ತಾನೇ ಓದಿ ಹೇಳಿದ್ದು?"

"ನಾನಾ? ಕೆಳಗಿನರ್ಧ ನಿಂದು. ನೀನು ಹೇಳಿದ್ದು."

"ಲೇ, ನಂದು ಮೇಲಿನರ್ಧ. ನಡುವಿಂದ ಕತೆ ಓದಕ್ಕೆ ನಂಗೇನು ತಲೆ ಕೆಟ್ಟಿತ್ತಾ?"

"ನೀನು ನಡುವಿಂದಾನೇ ಓದ್ದೆ. ಯಾರು ಹೀರೋ ಅಂತ ಗೊತ್ತಾಗ್ದೆ ದಿನಾ ನನ್ನ ಕೇಳ್ತಿದ್ದೆ."

"ಕೇಳ್ತಿದ್ದೋನು ನೀನು. ಮುಂದೇನಾಯ್ತು ಅಂತ ಟೀ ಕೊಡ್ಸಿ ಕೇಳ್ತಿದ್ದೆ."

"ಟೀ ಕೊಡ್ಸಿದ್ದು ನಾನು ಅಂತ ಒಪ್ಕೊಂಡ್ಯಲ್ಲ. ಹಂಗಾದ್ರೆ ಹೇಳಿದ್ದು ನೀನೇ ಆಯ್ತು!"

ಇಬ್ಬರು ವಿಜ್ಞಾನದ ಮೇಷ್ಟ್ರುಗಳು ಒಂದೇ ಪುಸ್ತಕದ ಮೇಲಿನರ್ಧಕ್ಕಾಗಿ ಹೀಗೆ ಎಳೆದಾಡುತ್ತಿರುವಾಗ ತಾಯಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿ, "ಮಂಡಿನೋವು ಅಂದಿದ್ದು ನಮ್ಮನೆಯವ್ರಲ್ವಾ?" ಎಂದರು.

ಇಬ್ಬರೂ ತಿರುಗಿದೆವು.

ಗೆಳೆಯನ ತಂದೆ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದವರು. ಅದು ನನಗೆ ಗೊತ್ತಿತ್ತು. ತಾಯಿ ಹೇಳಿದ್ದು ಗೊತ್ತಿರಲಿಲ್ಲ. ಒಮ್ಮೆ ಚುನಾವಣೆಯ ಜಗಳದಲ್ಲಿ ಗೆದ್ದವರ ಕಡೆಯವರು ಬಂದು, ಓಟು ಹಾಕದ ಬೀದಿಗೆ ನೀರು ನಿಲ್ಲಿಸೆಂದರಂತೆ. "ಇವ್ರು ಆಗಲ್ಲ ಅನ್ನೋ ಮನುಷ್ಯ ಅಲ್ಲ ಕಣಪ್ಪ. ಯಾರ ಎದುರೂ ಆಗಲ್ಲ ಅಂತ ಅಂದೋರೇ ಅಲ್ಲ. ಹಣೆಗೆ ಈಬೂತಿ ಇಟ್ಕಂಡು ಹೋದ್ರು, ಆ ವಾಲ್ವ್ ಗುಂಡಿ ಮುಚ್ಚಳದ ಮೇಲೆ ಕೂತ್ರು, ಮಂಡಿ ಹಿಡ್ಕಂಡದೆ ಅಂದ್ರಂತೆ. ಟ್ಯಾಂಕು ಖಾಲಿಯಾಗೋಗಂಟ ಏಳ್ಲೇ ಇಲ್ಲ. ಅವ್ರಿಗೆ ಮಂಡಿನೋವು ಒಂದಿನಾನೂ ಇರ್ಲಿಲ್ಲ."

ಗೆಳೆಯ ತಾಯಿಯ ಮೊರದ ಪಕ್ಕ ಕೂತ. ಆಮೇಲೆ, "ಅಮ್ಮ, ಇದು ಅಪ್ಪಂದಾ? ನಾನು ಪುಸ್ತಕದಲ್ಲಿ ಓದಿದ್ದು ಅಂದ್ಕೊಂಡಿದ್ನಲ್ಲಮ್ಮ" ಎಂದ.

"ಓದಿದ್ದು ಹೆಂಗಾಯ್ತದೆ? ನೀನೂ ಅಲ್ಲೇ ಬಿಂದಿಗೆ ಹಿಡ್ಕಂಡು ನಿಂತಿದ್ದೆ."

ಇದನ್ನು ಬರೆಯುವಾಗ ಆ ಕ್ಷಣ ತೂಕದ್ದಾಗಿ ಕಾಣುತ್ತದೆ. ಅವತ್ತು ಮಾತ್ರ ನನಗೆ ಗೆದ್ದ ಖುಷಿಯೇ ಮೇಲಾಗಿತ್ತು. "ಹಂಗಾದ್ರೆ ಹೇಳಿದ್ದು ನೀನೇ. ಕೆಳಗಿನರ್ಧ ಓದ್ದೆ ಎಲ್ಲಾ ಕಟ್ಟಿ ಹೇಳಿದೀಯ. ಸಿಪಾಯಿಗಳಿಗೆ ಹೆಣ್ಣು ನೋಡೋದನ್ನೂ ಸೇರ್ಸಿ" ಎಂದು ಬೀಗಿದೆ.

"ಹೆಣ್ಣು ನೋಡೋದಾ?" ತಾಯಿ ನಕ್ಕರು. "ಅಯ್ಯೋ, ಅವ್ರು ಮಾತೇ ಕಮ್ಮಿ. ಅದು ನಮ್ಮೋರದಲ್ಲ."

ಅಷ್ಟು ಹೇಳಿದ್ದೇ ತಡ, ನನಗೆ ನನ್ನ ತಾಯಿಯ ತಂದೆ ಕಣ್ಣೆದುರು ಬಂದು ನಿಂತರು. ಮನೆಗೆ ಯಾರೇ ಬರಲಿ, ಮೀಟರು ನೋಡುವವನೇ ಬರಲಿ, ಮದುವೆಯಾಗಿದೆಯೇ, ಯಾವ ಊರು, ತಾಯಿಯ ಕಡೆಯವರು ಯಾರೆಂದು ಕೇಳಿ ಮುಗಿಸುವವರೆಗೂ ಬಾಗಿಲು ಬಿಟ್ಟು ಏಳುತ್ತಿರಲಿಲ್ಲ. ಚಂದ್ರನ ಮೇಲಿನ ಸಿಪಾಯಿಗಳನ್ನು ವಿಚಾರಿಸಿದವರು ಅವರೇ. ಆ ಮಾತನ್ನು ಸೇರಿಸಿದ್ದು ನಾನೇ ಇರಬೇಕು.

ನಾನು ಮುಖ ಹುಳ್ಳಗೆ ಮಾಡಿಕೊಂಡು ಅದನ್ನು ಹೇಳಿದಾಗ ಗೆಳೆಯ ತೊಡೆ ತಟ್ಟಿಕೊಂಡು ನಕ್ಕ. "ಅಂದ್ರೆ ಕೆಳಗಿನರ್ಧ ಇಬ್ರೂ ಓದಿಲ್ಲ! ಅದು ಹೋಯ್ತೆಲ್ಲಿಗೆ?"

ಎಲ್ಲಿಗೆ ಹೋಯಿತೋ ನಮಗೆ ಇವತ್ತಿಗೂ ತಿಳಿಯದು. ಯಾವನೋ ಪ್ರಯಾಣಿಕ ಬಸ್ಸಿನ ಸೀಟಿನ ಮೇಲೆ ಅದನ್ನು ಕಂಡು, ಒಂದು ಹುಡುಗಿ ಪುಟಪುಟಕ್ಕೂ ಉಸಿರು ಬಿಡುವುದನ್ನು ಓದಿ ಕೆಳಗಿಟ್ಟಿರಬಹುದು.

ತಾಯಿ ಊಟ ಮಾಡಿಸದೆ ಕಳಿಸಲಿಲ್ಲ. ತುಮಕೂರಿನಲ್ಲಿ ಇಳಿದವನು ಮನೆಗೆ ಹೋಗದೆ ನೇರ ಗುಬ್ಬಿ ಬಸ್ಸು ಹತ್ತಿದೆ. ಸೋತ ಸುದ್ದಿಯನ್ನು ಫೋನಿನಲ್ಲಿ ಹೇಳುವುದು ಸರಿಯೆನ್ನಿಸಲಿಲ್ಲ.

ಅಕ್ಕನ ಮಗಳು ಕಾಯಿ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಫೋನ್ ನೋಡುತ್ತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ತಾತ ಪುಸ್ತಕದಲ್ಲಿ ಇರಲೇ ಇಲ್ಲ, ಅರ್ಧ ತಾತ ಕುಣಿಗಲ್ಲಿನವನು, ಇನ್ನರ್ಧ ನಿನ್ನ ಅಮ್ಮನ ತಾತ, ಪುಸ್ತಕ ಕೆಟ್ಟದ್ದು, ನಾನು ಸೋತೆ.

ಅವಳು ನಗುತ್ತಾಳೆಂದುಕೊಂಡಿದ್ದೆ. ಸಿಟ್ಟಾದಳು.

"ಇದನ್ನ ಒಂದು ವಾರ ಮುಂಚೆ ಹೇಳಕ್ಕೇನಾಗಿತ್ತು ಮಾಮ? ನಾನು ಇನ್ನೆರಡೂ ಓದಿ ಸತ್ತಿದೀನಿ."

"ಇನ್ನೆರಡು ಏನು?"

"ಎರಡ್ನೇ ಭಾಗ, ಮೂರ್ನೇ ಭಾಗ. ಫೋನಲ್ಲಿ. ಮೊದಲ್ನೇದ್ರಲ್ಲಿ ಸತ್ತಂಗೆ ಮಾಡಿ ಆಮೇಲೆ ಕರ್ಕೊಂಡ್ ಬರ್ತಾರೇನೋ ತಾತನ್ನ ಅಂತ. ಬೂದುಗಣ್ಣಿನೋನು ಎರಡು ಸಲ ಸತ್ತು ಎರಡು ಸಲ ಎದ್ದ. ಆ ಹಸಿರುಗಣ್ಣು ಅವ್ನ ತಮ್ಮನಂತೆ. ತಾತ ಮಾತ್ರ ಏಳ್ಲಿಲ್ಲ."

"ಗಾಳಿ ಬೇಡದವಳು ಉಸಿರು ಯಾಕೆ ಬಿಡ್ತಾಳೆ ಅಂತ ಎರಡನೇದ್ರಲ್ಲಿ ಹೇಳ್ತಾರಂತಲ್ಲ?"

"ಹೇಳ್ತಾರೆ. ಪ್ರೀತಿಗೆ!"

ನಾನು ಕೂತೆ. ಆಮೇಲೆ ಅಕ್ಕ ಎರಡು ಸಲ ಕಾಫಿ ತಂದಿಟ್ಟದ್ದು, ಎರಡೂ ಆರಿದ್ದು ಗೊತ್ತಾಗಲಿಲ್ಲ. ಅವಳು ಬರೆದವರ ಚರ್ಮ ಸುಲಿದಳು. ಪೈಪುಗಳನ್ನು ಅಷ್ಟು ಚೆನ್ನಾಗಿ ಕಟ್ಟಿ ಮರೆತದ್ದೇಕೆ ಎಂದಳು. ನಾನು ಬೂದುಗಣ್ಣಿನವನ ಪರವಾಗಿ ಏನೋ ಹೇಳಲು ಹೋಗಿ ಬೈಸಿಕೊಂಡೆ. ವರ್ಷಗಳಿಂದ ಕಾದಿದ್ದ ಜಗಳ ಅದೇ.

ಹೊರಡುವ ಮುಂಚೆ ಮೆಲ್ಲಗೆ, "ಹಂಗಾದ್ರೆ ನನ್ನತ್ರ ಇನ್ನೊಂದು..." ಎಂದೆ.

"ಊಹೂಂ. ಕರಾರು ಕರಾರೇ. ನೀನು ನಂಗೆ ಪುಸ್ತಕ ಕೊಡಂಗಿಲ್ಲ." ಒಳಗೆ ಹೋಗಿ ಗೆಳತಿಯಿಂದ ತಂದಿದ್ದ ಒಂದು ದಪ್ಪ ಪುಸ್ತಕ ತಂದು ನನ್ನ ಕೈಗಿಟ್ಟಳು. "ನಾನು ನಿಂಗೆ ಕೊಡಬಾರ್ದು ಅಂತ ಎಲ್ಲೂ ಮಾತಾಗಿಲ್ವಲ್ಲ. ಪೂರ್ತಿ ಓದ್ಬೇಕು. ಹಾರಿಸಂಗಿಲ್ಲ."

"ಅವ್ಳು ಹೇಳೋದು ನ್ಯಾಯ ಕಣೋ" ಎಂದಳು ಸಾಕ್ಷಿಯಾದ ಅಕ್ಕ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ರಟ್ಟನ್ನು ತೊಡೆಗೆ ಒತ್ತಿ ಹಿಡಿದು ಓದಲು ಶುರುಮಾಡಿದೆ. ಬೆಂಗಳೂರಿನ ಪ್ರಖ್ಯಾತ ಹೃದಯತಜ್ಞನೊಬ್ಬ ವಾಸ್ತವದಲ್ಲಿ ಶಾಪಗ್ರಸ್ತ ಗಂಧರ್ವ. ಅವನು ಆಪರೇಷನ್ ಥಿಯೇಟರಿನ ಒಳಗೆ ಬಂದ ಕೂಡಲೇ ಯಂತ್ರಗಳೆಲ್ಲ ವೀಣೆಯಂತೆ ನುಡಿಯುತ್ತವೆ, ಅರಿವಳಿಕೆ ಕೊಟ್ಟ ರೋಗಿ ಕಣ್ಣು ತೆರೆದು ಮುಗುಳ್ನಗುತ್ತಾಳೆ. ಇದನ್ನು ಅವಳಿಗೆ ಹೇಳಲೇಬೇಕು ಎಂದು ಆ ಪುಟಕ್ಕೆ ಬಸ್ ಟಿಕೆಟ್ ಇಟ್ಟೆ. ಮುಂದಿನ ಪುಟದಲ್ಲೂ ಹೇಳಬೇಕಾದ್ದು ಸಿಕ್ಕಿತು. ಇದ್ದದ್ದು ಒಂದೇ ಟಿಕೆಟ್. ಪುಟಗಳ ಮೂಲೆ ಮಡಚುತ್ತ ಹೋದೆ. ತುಮಕೂರು ಬರುವ ಹೊತ್ತಿಗೆ ಪುಸ್ತಕ ಒಂದು ಕಡೆ ಉಬ್ಬಿಕೊಂಡು, ಮುಚ್ಚಿದರೂ ಮುಚ್ಚದಂತಾಗಿತ್ತು.